ಮಾತಾಡಿಸಲು ಹೋಗದವನ ಹಾಡು

“ಗುರುಗಳೇ, ಅಣ್ಣನಿಗೆ ನಾನು ಮಾಡಿದ ಅನ್ಯಾಯವನ್ನು ಹಾಡಾಗಿ ಕಟ್ಟಿದ್ದೇನೆ. ನಿನ್ನೆ ಮಠದ ಸಭೆಯಲ್ಲಿ ಹಾಡಿದಾಗ ಜನ ಕಣ್ಣೊರೆಸಿಕೊಂಡರು. ನನಗೂ ಎದೆ ಹಗುರಾಯಿತು. ಹೀಗೆ ನಾಲ್ಕು ಜನರ ಎದುರು ಒಪ್ಪಿಕೊಂಡರೆ ತಪ್ಪು ಕಳೆದಂತೆ ಅಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

“ಹಾಡು ಚೆನ್ನಾಗಿತ್ತು. ಅದಕ್ಕೇ ನನಗೆ ಭಯವಾಯಿತು. ಕೂತುಕೋ,” ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಹಾಡುಗಾರನಿದ್ದ. ಯಾವ ಮೇಳಕ್ಕೂ ಸೇರಿದವನಲ್ಲ, ಯಾವ ಧಣಿಯನ್ನೂ ಹೊಗಳಿದವನಲ್ಲ. ಕೈಯಲ್ಲೊಂದು ಏಕತಾರಿ, ಬಾಯಲ್ಲಿ ತಾನೇ ಕಟ್ಟಿದ ಹಾಡು. ಹಿರಿಯರ ಪದ ಹಾಡಪ್ಪಾ ಎಂದರೆ ಒಲ್ಲೆ ಎನ್ನುತ್ತಿದ್ದ. ತನ್ನ ಮನಸ್ಸಿನಲ್ಲಿ ನಡೆದದ್ದನ್ನು ಮಾತ್ರ ಹಾಡುತ್ತಿದ್ದ, ಅದೂ ಪಕ್ಕದವನಿಗೆ ಕೇಳಿಸಿದರೆ ಹೆಚ್ಚು ಎನ್ನುವಷ್ಟು ಮೆಲ್ಲಗೆ. ಜಗಲಿಯ ಮೇಲೆ ಹತ್ತು ಜನ ಕೂತರೆ ಅವನ ಪಾಲಿಗೆ ಅದೇ ದೊಡ್ಡ ಸಭೆ.

ಅವನನ್ನು ಸಾಕಿದವಳು ಅಕ್ಕ. ತಾಯಿ ಸತ್ತ ಮೇಲೆ ತನ್ನ ತುತ್ತಿನಲ್ಲಿ ಅರ್ಧ ಕೊಟ್ಟು ಬೆಳೆಸಿದ್ದಳು. ಈಗ ಮದುವೆಯಾಗಿ ಎರಡು ಹರದಾರಿ ಆಚೆಯ ಹಳ್ಳಿಯಲ್ಲಿದ್ದಳು. ಒಂದು ದಿನ ಅವಳಿಂದ ಹೇಳಿಕೆ ಬಂತು: ಕೂಸಿಗೆ ಜ್ವರ ಇಳಿಯುತ್ತಿಲ್ಲ, ಪೇಟೆಯ ವೈದ್ಯರನ್ನು ಕರೆದುಕೊಂಡು ಈಗಲೇ ಬಾ. ಆ ಹೊತ್ತಿಗೆ ಹಾಡುಗಾರ ಹೊಸ ಹಾಡೊಂದರ ಎರಡನೆಯ ಸಾಲಿಗಾಗಿ ತಡಕಾಡುತ್ತಿದ್ದ. ಇದೊಂದು ಸಾಲು ಕೂಡಿಬರಲಿ, ಹೊರಟೇಬಿಡುತ್ತೇನೆ ಎಂದುಕೊಂಡ. ನಡುವೆ ಎದ್ದರೆ ಸಾಲು ಕೈಬಿಟ್ಟು ಹೋದೀತೆಂಬ ಹೆದರಿಕೆ. ಅದು ಕೂಡಿಬಂದದ್ದು ಮರುದಿನ ಸಂಜೆ. ಮೂರನೆಯ ದಿನ ಅವನು ವೈದ್ಯರೊಡನೆ ಊರು ಮುಟ್ಟುವಾಗ ಜನ ಕೂಸನ್ನು ಮಣ್ಣು ಮಾಡಿ ಹಿಂತಿರುಗುತ್ತಿದ್ದರು. ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ ಎಂದು ಅವನು ಅಲ್ಲಿಂದಲೇ ಹಿಂದಕ್ಕೆ ತಿರುಗಿದ.

ಸಾವಿನ ಮನೆಗೆ ಹೋಗಿ ಮಾತಾಡಿಸಿ ಬರುವುದು ನಮ್ಮಲ್ಲಿ ರೂಢಿ. ಹಗೆತನ ಇದ್ದವರೂ ಆ ಹೊತ್ತಿಗೆ ಹೊಸ್ತಿಲು ದಾಟುತ್ತಾರೆ. ಹೆಚ್ಚು ಮಾತೇನೂ ಬೇಕಿಲ್ಲ, ಪಕ್ಕದಲ್ಲಿ ಕೂತು ಹೇಗಾಯಿತು ಎಂದು ಕೇಳಿದರೆ ಸಾಕು. ಹಾಡುಗಾರ ಅಷ್ಟೂ ಮಾಡಲಿಲ್ಲ. ಅಕ್ಕನ ಕದ ತಟ್ಟಬೇಕಾದ ಬೆರಳಲ್ಲಿ ತಂತಿ ಮೀಟುತ್ತ ಕೂತ.

ಅಯ್ಯೋ, ಎಂಥ ಹಾಡು ಕಟ್ಟಿದ! ಕರೆದಾಗ ಬಾರದ ತಮ್ಮ, ದಾರಿ ನೋಡುತ್ತ ಕೂತ ಅಕ್ಕ, ಒಂದು ಸಾಲಿಗೆ ತೆತ್ತ ಒಂದು ಜೀವ, ಯಾವುದನ್ನೂ ಮುಚ್ಚಿಡಲಿಲ್ಲ. ಅಕ್ಕನ ಊರು, ಹೆಸರು ಎಲ್ಲವೂ ಅದರಲ್ಲಿತ್ತು. ಹತ್ತು ಜನರ ಜಗಲಿ ನೂರು ಜನರ ಅಂಗಳವಾಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದು ಸುಳ್ಳಲ್ಲ. ಹೋದಲ್ಲೆಲ್ಲ ಜನ ಅದೇ ಹಾಡು ಕೇಳಿದರು. ಅವನು ಪ್ರತಿಸಲವೂ ನಿಜವಾಗಿಯೇ ಅಳುತ್ತಿದ್ದ, ಅದರಲ್ಲಿ ಕಪಟವಿರಲಿಲ್ಲ. ಅತ್ತಾದ ಮೇಲೆ ಅವನಿಗೆ ಚೆನ್ನಾಗಿ ಹಸಿವಾಗುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಅಕ್ಕನಲ್ಲಿಗೆ ಹೋಗಬೇಕು ಎಂದು ಆಗಾಗ ಅನ್ನಿಸಿದ್ದುಂಟು. ಹಾಡು ಅವಳ ಕಿವಿಗೂ ಬಿದ್ದಿರುತ್ತದೆ, ನನ್ನ ಮನಸ್ಸು ಅವಳಿಗೆ ತಿಳಿದಿರುತ್ತದೆ ಎಂದು ಸುಮ್ಮನಾಗುತ್ತಿದ್ದ. ಹೀಗೇ ಹನ್ನೆರಡು ವರ್ಷ ಹೋಯಿತು.

ಒಂದು ದಿನ ಹಾಡುವಾಗ ಅವನ ಕಣ್ಣಲ್ಲಿ ನೀರು ಬರಲಿಲ್ಲ. ಜನ ಎಂದಿನಂತೆ ಅತ್ತರು. ಹಾಡುಗಾರ ಏಕತಾರಿ ಕೆಳಗಿಟ್ಟ. ಮರುದಿನವೇ ಅಕ್ಕನ ಊರಿಗೆ ನಡೆದ.

ಅಕ್ಕ ಜೋಳ ಹಸನು ಮಾಡುತ್ತ ಕೂತಿದ್ದಳು. ಬಯ್ಯಲಿಲ್ಲ. ಚಾಪೆ ಹಾಸಿ ನೀರು ಕೊಟ್ಟಳು. ಅವನು ಅವಳ ಕಾಲ ಬಳಿ ಕೂತು ಬಾಯಿ ತೆರೆದ. ಬಂದದ್ದು ಹಾಡಿನ ಮೊದಲ ಸಾಲು. ನಾಚಿ ನಿಲ್ಲಿಸಿ ಮತ್ತೆ ಬಾಯಿ ತೆರೆದ. ಬಂದದ್ದು ಅದರ ಮುಂದಿನ ಸಾಲು.

“ಅದು ನನಗೂ ಬಾಯಿಪಾಠ ಐತೋ ತಮ್ಮಾ,” ಎಂದಳು ಅಕ್ಕ. “ಅದನ್ನ ಕೇಳಿ ಎಲ್ಲೆಲ್ಲಿಂದೋ ಮಂದಿ ನನ್ನ ಮಾತಾಡಿಸಾಕ ಬಂದ್ರು. ಅತ್ರು. ಅವರಿಗೆ ನಾನ ಸಮಾಧಾನ ಮಾಡಿ ಕಳಿಸೀನಿ. ನೀ ಒಬ್ಬ ಬರಲಿಲ್ಲ. ಈಗರ ಬಂದಿ, ಹಾಡು ಬ್ಯಾಡ. ಬ್ಯಾರೆ ಏನರ ಇದ್ದರ ಹೇಳು.”

ಹಾಡುಗಾರ ಒಳಗೆಲ್ಲ ಹುಡುಕಿದ. ಆ ದುಃಖದ ಮಾತನ್ನೆಲ್ಲ ಅವನು ಊರೂರಿಗೆ ಹಂಚಿ ಮುಗಿಸಿದ್ದ. ಅಕ್ಕನ ಪಾಲಿಗೆ ಒಂದೂ ಉಳಿದಿರಲಿಲ್ಲ. ಹೊತ್ತು ಇಳಿಯುವ ತನಕ ಕೂತಿದ್ದು, ಅವಳು ಕೊಟ್ಟ ರೊಟ್ಟಿ ತಿಂದು ಎದ್ದು ಬಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಅಕ್ಕ ಅವನನ್ನು ಕ್ಷಮಿಸಿದಳೇ, ಗುರುಗಳೇ?” ಎಂದ.

“ನಿನ್ನ ಅಣ್ಣನ ಮನೆಗೆ ಹೋಗಿ ಕೇಳಬೇಕಾದ್ದನ್ನು ನನ್ನ ಹತ್ತಿರ ಕೇಳುತ್ತೀಯಲ್ಲ,” ಎಂದರು ಗುರುಗಳು.