ಹಕ್ಕಿಗಡ್ಡಿಯ ಎರಡು ಬಾಗಿಲು

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಒಬ್ಬ ಗುರುಗಳಿದ್ದರು. ಅವರಿಗೂ ಒಂದು ಹೆಸರು ಇದ್ದೇ ಇತ್ತು, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಹೊಳೆಯಜ್ಜ.

ಮಳೆಗಾಲ ಹತ್ತಿರ ಬಂತೆಂದರೆ ಅಜ್ಜ ಚಳಿಜ್ವರಕ್ಕೆ ಬೇರು ಕುಟ್ಟಿಸಿ ಪುಡಿ ಮಾಡಿಸುತ್ತಿದ್ದರು. ಜ್ವರ ಇರುವ ಮನೆಗೆ ಒಂದು ಪೊಟ್ಟಣ. ಹೊಳೆ ತುಂಬುವ ಮುಂಚೆ ದೋಣಿ ಒಮ್ಮೆ ಹೋಗಿ ಪೊಟ್ಟಣಗಳನ್ನು ಇಳಿಸಿ ಬರಬೇಕು. ತುಂಬಿದ ಮೇಲೆ ಇಳಿಯುವ ತನಕ ಯಾವ ದೋಣಿಯೂ ಇಲ್ಲ, ಯಾವ ಔಷಧವೂ ಇಲ್ಲ.

ಈ ಸಲ ಬೇರು ಕಡಿಮೆ ಸಿಕ್ಕಿತ್ತು. ಒಂದು ಊರಿಗೆ ಹೆಚ್ಚು ಹೋದರೆ ಇನ್ನೊಂದಕ್ಕೆ ಕಡಿಮೆ ಬೀಳುತ್ತಿತ್ತು. ಎಲ್ಲಿಗೆ ಎಷ್ಟು ಬೇಕೆಂದು ತಿಳಿದು ಬರುವ ಕೆಲಸ ಶಿಷ್ಯ ಚೆನ್ನವೀರನ ಹೆಗಲಿಗೆ ಬಿತ್ತು.

ತಿಳಿಯುವ ದಾರಿ ಎಂದರೆ ಭಿಕ್ಷೆ. ಜೋಳಿಗೆ ಹಿಡಿದು ಬಾಗಿಲ ಮುಂದೆ ನಿಂತು ಕೂಗುವುದು. ಬಾಗಿಲು ತೆರೆದರೆ ಹಿಡಿ ಕಾಳು ಪಡೆದು, "ಮನ್ಯಾಗ ಯಾರಿಗಾದ್ರೂ ಚಳಿಜ್ವರ ಐತೇನವ್ವಾ?" ಎಂದು ಕೇಳುವುದು. ತೆರೆಯದಿದ್ದರೆ ಸುಮ್ಮನೆ ಮುಂದಿನ ಮನೆಗೆ ಹೋಗುವುದು.

ಮುಚ್ಚಿದ ಬಾಗಿಲಿಗೆ ಎರಡನೇ ಸಲ ಕೂಗಬಾರದು. ಇದು ಅಜ್ಜನೇ ಮಾಡಿದ ನೇಮ. ಈ ಒಂದು ನೇಮ ತಪ್ಪಿದ್ದಕ್ಕೆ ಜೋಳಿಗೆ ಕಸಿದುಕೊಂಡು ಹಿಂದೊಬ್ಬ ಶಿಷ್ಯನನ್ನು ಮನೆಗೆ ಕಳಿಸಿದ್ದರಂತೆ.

ದಂಡೆಯ ಮೇಲಿನದೊಂದು, ಗುಡ್ಡದ ಮೇಲಿನದೊಂದು, ಹೊಳೆಯ ನಡುವಿನದೊಂದು, ಹೀಗೆ ಮೂರು ಊರು ಚೆನ್ನವೀರ ತಿರುಗಿ ಬಂದ. ಮೂರು ಬುಟ್ಟಿ ಸಾಲಾಗಿಟ್ಟ. ಪೊಟ್ಟಣಗಳನ್ನು ಹಂಚಿದ. ಆಮೇಲೆ, ಅಜ್ಜ ಬಂದು ಬೆನ್ನು ತಟ್ಟಲಿ ಎಂದು ಕಾದು ನಿಂತ.

ಅಜ್ಜ ಬಂದರು. ಬೆನ್ನಿನ ಕಡೆ ನೋಡಲೇ ಇಲ್ಲ. ಮೂರನೆಯ ಬುಟ್ಟಿಯ ಮುಂದೆ ನಿಂತರು. ಅದು ಖಾಲಿ ಇತ್ತು.

"ಇದು ಯಾವ ಊರಿಂದೋ?"

"ಹಕ್ಕಿಗಡ್ಡೀದ್ರಿ ಅಜ್ಜಾರ."

ಹಕ್ಕಿಗಡ್ಡಿ ಹೊಳೆಯ ನಡುವಿನ ಒಂದು ನಡುಗಡ್ಡೆ. ಮೀನು ಹಿಡಿಯುವವರ ಹನ್ನೆರಡು ಗುಡಿಸಲು. ನೀರು ಏರಿದರೆ ಅಲ್ಲಿಂದ ಎಷ್ಟು ಕೂಗಿದರೂ ದಂಡೆಗೆ ಕೇಳಿಸುವುದಿಲ್ಲ.

"ಯಾಕ ಖಾಲಿ?"

"ಅಲ್ಲಿ ಯಾರಿಗೂ ಜ್ವರ ಇಲ್ರಿ. ಎಲ್ಲಾ ಬಾಗಿಲಿಗೂ ಹೋಗೀನ್ರಿ."

"ಎಷ್ಟು ಬಾಗಿಲು ತೆರದ್ವು?"

"ಎರಡು."

"ಉಳಿದವು?"

"ಮುಚ್ಚಿದ್ವು. ಮುಚ್ಚಿದ ಬಾಗಿಲು ಅಂದ್ರ ಆ ಮನಿಗೆ ನಮ್ಮಿಂದ ಏನೂ ಬೇಕಾಗಿಲ್ಲ ಅಂತ ನೀವ ಹೇಳೀರಲ್ರಿ. ಅದಕ್ಕ ಅವ್ರಿಗೂ ಜ್ವರ ಇಲ್ಲ ಅಂತ ಹಿಡಿದೆ."

ಅಜ್ಜನಿಗೆ ಬಂದದ್ದು ನಗುವೋ ಕೆಮ್ಮೋ ಚೆನ್ನವೀರನಿಗೆ ತಿಳಿಯಲಿಲ್ಲ.

"ಜ್ವರ ಬಂದು ಮಲಗಿದಾಂವ ಎದ್ದು ಬಂದು ಬಾಗಿಲು ತೆಗೀತಾನೇನೋ?"

ಆ ಹತ್ತು ಬಾಗಿಲುಗಳ ಮುಂದೆ ತಾನು ಎಷ್ಟು ಬೇಗ ಬೇಗ ದಾಟಿ ಹೋಗಿದ್ದೆ ಎಂಬುದು ಚೆನ್ನವೀರನಿಗೆ ನೆನಪಾಯಿತು.

"ಹಂಗಾರ ಆ ಮನ್ಯಾಗೆಲ್ಲ ಜ್ವರ ಐತೇನ್ರಿ?"

"ನಾನ್ಯಾವಾಗ ಹಂಗಂದೆ? ಮೀನು ಹಿಡಿಯಾಕ ಹೋಗಿರಬಹುದು."

"ಹಂಗಾರ ಐತೋ ಇಲ್ಲೋ?"

"ನಿನಗ ಗೊತ್ತಿಲ್ಲ. ಅಷ್ಟ."

"ಮತ್ತ ಗೊತ್ತಾಗೂದು ಹ್ಯಾಂಗ್ರಿ?"

"ದಂಡಿ ಮ್ಯಾಲಿನ ಊರಾಗ ಏನ ಕಂಡಿ?"

"ಅಲ್ಲಿ ಬಹಳ ದಿನ ತಿರುಗೀನ್ರಿ. ಊರಿಗೂರೇ ಬಾಗಿಲು ತೆರೀತು. ಮೂರು ಮನಿಗೊಂದರಾಗ ಜ್ವರ."

"ಹಕ್ಕಿಗಡ್ಡಿಯವ್ರು ಕುಡಿಯೂದು ಯಾವ ನೀರು?"

"ಅದ ಹೊಳಿ ನೀರು."

"ಕಚ್ಚೂದು ಯಾವ ಸೊಳ್ಳಿ?"

"ಅದ ಸೊಳ್ಳಿ."

"ಹಂ," ಎಂದು ಅಜ್ಜ ಒಳಗೆ ಹೋದರು.

ಚೆನ್ನವೀರನಿಗೆ ಎಲ್ಲ ತಿಳಿದುಹೋಯಿತು. ಎಲ್ಲ ತಿಳಿದುಹೋದಾಗಲೇ ಅವನು ಕೆಡುತ್ತಿದ್ದುದು. ಮೂರೂ ಬುಟ್ಟಿಗಳನ್ನು ಬೋರಲು ಹಾಕಿ ಒಂದೇ ರಾಶಿ ಮಾಡಿದ. ಯಾವ ಊರೇ ಇರಲಿ, ಮೂರು ಮನೆಗೆ ಒಂದರಂತೆ ಪೊಟ್ಟಣ ಎಣಿಸಿ ತುಂಬಿದ.

ಅಜ್ಜ ಮತ್ತೆ ಹೊರಗೆ ಬಂದರು.

"ಗುಡ್ಡದ ಊರಿಗೆ ಇಷ್ಟ್ಯಾಕೋ?"

"ಎಲ್ಲಾರಿಗೂ ಒಂದ ಲೆಕ್ಕಾರಿ ಅಜ್ಜಾರ."

"ಅಲ್ಲಿ ಬಾಗಿಲು ತೆರೆದಿದ್ದಿಲ್ಲೇನು?"

"ತೆರೆದಿದ್ವು. ಒಂದೂ ಬಿಡಲಿಲ್ಲ. ಜ್ವರ ಕಂಡದ್ದು ಒಂದ ಮನ್ಯಾಗ."

"ಇಡೀ ಊರು ಬಾಯಿಬಿಟ್ಟು ಹೇಳೇತಿ. ನೀ ಕಿವಿ ಮುಚ್ಚಿಕೊಂಡು ದಂಡಿ ಊರಿನ ಮಾತು ತಂದು ಅವರ ಬುಟ್ಟ್ಯಾಗ ತುಂಬೀದಿ. ಅಲ್ಲಿ ನೀರು ನಿಲ್ತೈತೇನು? ಸೊಳ್ಳಿ ಐತೇನು?"

"ಇಲ್ರಿ," ಎಂದು ಚೆನ್ನವೀರ ತಲೆ ಕೆರೆದುಕೊಂಡ.

"ಮತ್ತ ಹಕ್ಕಿಗಡ್ಡಿಗೆ ನಾಕು ಹಾಕೀದಿ."

"ಹೌದ್ರಿ. ಹನ್ನೆರಡು ಮನಿ, ಮೂರಕ್ಕೊಂದು."

"ಆ ಎರಡು ಮನಿಯವ್ರು ಏನಂದಿದ್ರು?"

"ಜ್ವರ ಇಲ್ಲ ಅಂದಿದ್ರು."

"ಅವರ ಕೈಯಾನ ಕಾಳು ಉಂಡಿ. ಅವರ ಬಾಯಾನ ಮಾತು ಎಲ್ಲಿ ಹೋತು?"

ಚೆನ್ನವೀರನಿಗೆ ಅಳುವುದೋ ಸಿಟ್ಟಾಗುವುದೋ ತಿಳಿಯಲಿಲ್ಲ.

"ಅಜ್ಜಾರ, ಆ ಊರಿನ ಮಾತು ಅಷ್ಟ ಹಿಡಿದ್ರ ತಪ್ಪಂದ್ರಿ. ನೆರೆ ಊರಿನ ಮಾತು ಹಿಡಿದ್ರ ಅದೂ ತಪ್ಪಂತೀರಿ. ನಾ ಯಾವುದನ್ನ ನಂಬಲಿ? ಅವರನ್ನೋ, ನೆರೆಯವರನ್ನೋ?"

"ಹೌದು," ಎಂದರು ಅಜ್ಜ.

"ಯಾವುದು ಹೌದ್ರಿ?"

ಅಷ್ಟರಲ್ಲಿ ದೋಣಿ ಕಟ್ಟುವ ಮರಳದಿಬ್ಬದ ಕಡೆಯಿಂದ ಕೂಗು ಬಂತು. ದೋಣಿಯ ದುರ್ಗಪ್ಪ ಕೈ ಬೀಸುತ್ತಿದ್ದ.

"ಅಜ್ಜಾರ! ಹೊಳಿ ಬಣ್ಣ ತಿರುಗೇತ್ರಿ! ಕೆಂಪು ನೀರು ಬಂತು! ಈಗ ಬಿಟ್ರ ಹೋಗಿ ಬರತೀನಿ, ಇಲ್ಲಂದ್ರ ಈ ವರ್ಷ ಇಲ್ಲ!"

ಚೆನ್ನವೀರ ಗಡಿಬಿಡಿಯಲ್ಲಿ ಗುಡ್ಡದ ಊರಿನ ಬುಟ್ಟಿಯನ್ನು ಮೊದಲಿನಂತೆ ಮಾಡಿದ. ಉಳಿದದ್ದನ್ನು ದಂಡೆಯ ಊರಿನ ಬುಟ್ಟಿಗೆ ಸುರಿದ. ಹಕ್ಕಿಗಡ್ಡಿಯ ನಾಲ್ಕನ್ನು ಮಾತ್ರ ಏನು ಮಾಡುವುದೆಂದು ತಿಳಿಯದೆ ಜೋಳಿಗೆಗೆ ಹಾಕಿಕೊಂಡ. ಆ ಎರಡು ಬುಟ್ಟಿಗಳನ್ನು ಒಂದರ ಮೇಲೊಂದು ತಲೆಗೇರಿಸಿದ.

ಮರಳದಿಬ್ಬಕ್ಕೆ ಹೋಗಲು ಹೊಳೆಯ ಕವಲೊಂದನ್ನು ದಾಟಬೇಕು. ಅಜ್ಜನೂ ನೀರಿಗಿಳಿದರು.

ಚೆನ್ನವೀರ ಕೈ ಕೊಟ್ಟ. ನೀರು ಮೊಣಕಾಲಿನ ತನಕ ಇತ್ತು. ಅಜ್ಜ ಕೈಯನ್ನು ಅತ್ತ ಸರಿಸಿದರು. "ಬಿಡೋ. ನನಗೇನ ಕಾಲಿಲ್ಲೇನು?"

ಚೆನ್ನವೀರ ಬಿಟ್ಟ.

ನಡುವಿಗೆ ಬಂದರು. ಸೆಳವು ಜೋರಿತ್ತು, ಕಾಲ ಕೆಳಗೆ ಮರಳು ಜಾರುತ್ತಿತ್ತು. ಅಜ್ಜ ಹೇಳದೆ ಕೇಳದೆ ಅವನ ಹೆಗಲಿಗೆ ಜೋತುಬಿದ್ದರು. ತಲೆಯ ಮೇಲಿನ ಬುಟ್ಟಿ, ಹೆಗಲ ಮೇಲಿನ ಅಜ್ಜ ಸೇರಿ ಚೆನ್ನವೀರನ ಕುತ್ತಿಗೆ ಒಳಗೆ ಹೋದಂತಾಯಿತು.

ಇನ್ನಷ್ಟು ದೂರ ಹೋದ ಮೇಲೆ ಕಾಲಿಗೆ ಕಲ್ಲು ಸಿಕ್ಕವು. ಅಜ್ಜನ ಭಾರ ಇಳಿಯಿತು. ಪೂರ್ತಿ ಬಿಡಲೂ ಇಲ್ಲ, ಹಿಡಿಯಲೂ ಇಲ್ಲ. ಎರಡು ಬೆರಳು ಮಾತ್ರ ಹೆಗಲ ಮೇಲೆ ಉಳಿದವು.

ಚೆನ್ನವೀರನ ತಾಳ್ಮೆ ಮುಗಿಯಿತು.

"ಅಜ್ಜಾರ, ಹಿಡಿಯೂದಾದ್ರ ಹಿಡೀರಿ, ಬಿಡೂದಾದ್ರ ಬಿಡ್ರಿ! ನಾ ಹ್ಯಾಂಗ ನಡೀಬೇಕು?"

"ನನ್ನನ್ಯಾಕ ಕೇಳತಿ? ನನ್ನ ಕಾಲನ್ನ ಕೇಳು."

"ಕಾಲೇನ ಹೇಳತೈತ್ರಿ?"

"ನೆಲ ಸಿಕ್ಕಷ್ಟು ಭಾರ ನನ್ನ ಕಾಲಿಂದು. ಸಿಗದಷ್ಟು ನಿನ್ನ ಹೆಗಲಿಂದು."

ಚೆನ್ನವೀರ ನೀರಿನಲ್ಲೇ ನಿಂತುಬಿಟ್ಟ.

"ಆ ಸೆಳವಿನಾಗ ಪೂರಾ ನನ್ನ ಮ್ಯಾಲೆ ಬಿದ್ರಲ್ರಿ. ಆಗ ಕಾಲು ಬಿಟ್ಟೇಬಿಟ್ಟಿದ್ರೇನು?"

"ಬಿಟ್ಟಿದ್ರ ಇಬ್ರೂ ಹೊಳಿ ಪಾಲಾಗತಿದ್ವಿ."

"ಹಂಗಾರ ಎಷ್ಟು ಕಾಲು, ಎಷ್ಟು ಹೆಗಲು? ಒಂದ ಲೆಕ್ಕ ಹೇಳ್ರಿ."

"ಒಂದ ಲೆಕ್ಕ ಇದ್ದಿದ್ರ ಕುರುಡರೂ ಓಡಿ ದಾಟತಿದ್ರು. ನಡಿ, ನೀರು ಏರಾಕತ್ತೇತಿ."

ದೋಣಿ ಮುಟ್ಟಿದರು. ದುರ್ಗಪ್ಪ ಎರಡೂ ಬುಟ್ಟಿ ಇಳಿಸಿಕೊಂಡ.

"ಹಕ್ಕಿಗಡ್ಡಿಗೆಷ್ಟ್ರಿ?"

ಚೆನ್ನವೀರ ಅಜ್ಜನ ಮುಖ ನೋಡಿದ. ಅಜ್ಜ ಪಂಚೆಯ ಅಂಚು ಹಿಂಡುವುದರಲ್ಲಿ ಮುಳುಗಿದ್ದರು. ಆ ಅಂಚಿನಲ್ಲಿ ಹಿಂಡಲು ಅಷ್ಟೇನೂ ನೀರಿರಲಿಲ್ಲ.

"ಲಗೂನ ಹೇಳ್ರೆಪಾ!"

ಚೆನ್ನವೀರ ಜೋಳಿಗೆಗೆ ಕೈ ಹಾಕಿದ. ನಾಲ್ಕೂ ಪೊಟ್ಟಣ ತೆಗೆದ. ಅಂಗೈಯಲ್ಲಿಟ್ಟು ನೋಡಿದ. ಆಮೇಲೆ ಒಂದನ್ನು ದಂಡೆಯ ಊರಿನ ಬುಟ್ಟಿಗೆ ಹಾಕಿ, ಮೂರನ್ನು ದುರ್ಗಪ್ಪನ ಕೈಗಿಟ್ಟ.

"ಒಂದ್ಯಾಕ ತೆಗೆದಿ?" ಎಂದರು ಅಜ್ಜ.

"ದಂಡಿ ಊರು ನಾಕು ಅಂತೈತ್ರಿ. ಆ ಎರಡು ಮನಿ ಇಲ್ಲ ಅಂತಾವ. ಎರಡ ಮನಿ ಮಾತು, ಸಣ್ಣ ಮಾತು. ಆದ್ರೂ ಮಾತು. ಅದಕ್ಕ ಒಂದು ತೆಗೆದೆ. ಎರಡು ತೆಗಿಯಾಕ ಜೀವ ಒಪ್ಪಲಿಲ್ಲ."

ದುರ್ಗಪ್ಪ ಗಳ ಊರಿ ದೋಣಿ ನೂಕಿದ. ಕೆಂಪು ನೀರು ಅದನ್ನು ಎಳೆದುಕೊಂಡು ಹೋಯಿತು.

ಈ ಸಲ ಅಜ್ಜನ ಕೈ ಬೆನ್ನ ಮೇಲೆ ಬಿದ್ದೀತು ಎಂದು ಚೆನ್ನವೀರ ಕಾಯಲಿಲ್ಲ. ಅವನ ಕಣ್ಣು ದೋಣಿಯ ಹಿಂದೆಯೇ ಹೋಗಿತ್ತು.

"ಅಜ್ಜಾರ, ಮೂರು ಅನ್ನೂದು ಖರೇನ್ರಿ?"

"ನನಗೇನ ಗೊತ್ತು?"

"ನಾಕನೇ ಮನ್ಯಾಗೂ ಯಾರಾದ್ರೂ ನರಳಾಕತ್ತಿದ್ರ?"

ಚೆನ್ನವೀರನ ಕಣ್ಣಲ್ಲಿ ನೀರು ಬಂತು. ಮೊದಲು ಖಾಲಿ ಬುಟ್ಟಿಯ ಮುಂದೆ ಎಷ್ಟು ಜಂಬದಿಂದ ನಿಂತಿದ್ದ! ಈಗ ಮೂರು ಪೊಟ್ಟಣ ಕೊಟ್ಟು ಇಷ್ಟು ಸಂಕಟ. ತಿಳಿದದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಅವನಿಗೆ ಅರ್ಥವಾಗಲಿಲ್ಲ.

ಇಬ್ಬರೂ ಮತ್ತೆ ಕವಲಿಗಿಳಿದರು. ನೀರು ಆಗಲೇ ಒಂದು ಗೇಣು ಏರಿತ್ತು. ಅಜ್ಜ ಅವನ ಹೆಗಲು ಹಿಡಿದರು, ಚೆನ್ನವೀರ ಅಜ್ಜನ ರಟ್ಟೆ ಹಿಡಿದ.

ನಡುವಿನ ಸೆಳವು ದಾಟಿದ ಮೇಲೆ ಅಜ್ಜ ಹೇಳಿದರು, "ಹೊಳಿ ಇಳಿದ ಕೂಡಲೇ ಮೊದಲು ಹಕ್ಕಿಗಡ್ಡಿಗೆ ಹೋಗು."

"ಹೋಗತೀನ್ರಿ ಅಜ್ಜಾರ. ಆದ್ರ ಒಮ್ಮೆ ಕೂಗಿದ್ರೂ ಬಾಗಿಲು ತೆರೀಲಿಲ್ಲಂದ್ರ?"

ನೇಮ ಮಾಡಿದ ಅಜ್ಜ ನೀರಿನಲ್ಲಿ ಎರಡು ಹೆಜ್ಜೆ ನಡೆದರು.

"ಇನ್ನೊಮ್ಮೆ ಕೂಗು."