ಸವಾರನಿಲ್ಲದ ಕುದುರೆ

ಶಿಷ್ಯನು ಕೇಳಿದನು: "ಗುರುಗಳೇ, ಮಠದ ಗೋಡೆಯ ಚಿತ್ರಗಳನ್ನು ಮಕ್ಕಳಿಗೆ ಒಂದನ್ನೂ ಬಿಡದೆ ವಿವರಿಸುತ್ತೇನೆ. ಅವರೂ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೂ ಅವರ ಕಣ್ಣು ಚಿತ್ರದ ಮೇಲಿರುವುದಿಲ್ಲ, ನನ್ನ ಬಾಯಿಯ ಮೇಲಿರುತ್ತದೆ. ನಾನು ಹೇಳದೆ ಬಿಟ್ಟದ್ದು ಏನು?"

ಗುರುಗಳು ನಕ್ಕರು. ಏನನ್ನೂ ಬಿಡದಿರುವುದೇ ತೊಂದರೆ ಇರಬಹುದು ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಐಗಳೊಬ್ಬರಿದ್ದರು. ಅವರ ಪಾಠ ನಡೆಯುತ್ತಿದ್ದ ಮಂಟಪದ ಗೋಡೆಯಲ್ಲಿ ಒಂದು ಹಳೆಯ ಚಿತ್ರವಿತ್ತು. ಯುದ್ಧ ಮುಗಿಸಿದ ರಾಜ ಆನೆಯ ಮೇಲೆ ಊರು ಸೇರುತ್ತಿದ್ದಾನೆ. ಮುಂದೆ ಕಹಳೆಯವರು, ಮಹಡಿಗಳಲ್ಲಿ ಹೆಂಗಸರು, ಹಿಂದೆ ಸವಾರನಿಲ್ಲದ ಒಂದು ಕುದುರೆ. ಐಗಳು ಇಪ್ಪತ್ತು ವರ್ಷ ಅದನ್ನು ಬೆತ್ತದಿಂದ ಮುಟ್ಟಿ ಮುಟ್ಟಿ ಹೇಳಿಕೊಟ್ಟಿದ್ದರು: ಇದು ವಿಜಯೋತ್ಸವ, ಇದು ಪಟ್ಟದ ಕುದುರೆ, ಮೆರವಣಿಗೆಯಲ್ಲಿ ಇದರ ಮೇಲೆ ಯಾರೂ ಕೂರುವಂತಿಲ್ಲ. ಮಕ್ಕಳು ಚಿತ್ರಕ್ಕೆ ಬೆನ್ನು ಹಾಕಿ ನಿಂತು ಅದನ್ನೇ ಒಪ್ಪಿಸುತ್ತಿದ್ದರು.

ನೇಕಾರರ ಹುಡುಗಿಯೊಬ್ಬಳಿಗೆ ಮಾತ್ರ ಪಾಠ ಬಾಯಿಗೆ ಬರಲಿಲ್ಲ. ಬೆನ್ನು ಹಾಕಿ ನಿಲ್ಲಿಸಿದರೆ ತಿರುತಿರುಗಿ ಗೋಡೆಯನ್ನೇ ನೋಡುತ್ತಿದ್ದಳು. ಐಗಳಿಗೆ ಸಾಕಾಯಿತು. ನಾಳೆಯೂ ಒಪ್ಪಿಸದಿದ್ದರೆ ಇವಳನ್ನು ಮಗ್ಗದ ಕೆಲಸಕ್ಕೇ ಇಟ್ಟುಕೊಳ್ಳಿ ಎಂದು ತಾಯಿಗೆ ಹೇಳಿಕಳುಹಿಸಿದರು. ಹುಡುಗಿಗೆ ಓದುವ ಆಸೆ ಬಹಳ. ಮರುದಿನ ಅನ್ನ ಮುಟ್ಟದೆ ಬಂದಳು.

ಅಂದು ನೆಗಡಿಯಾಗಿ ಐಗಳ ಗಂಟಲು ಕಟ್ಟಿಹೋಗಿತ್ತು. ಮಕ್ಕಳ ಪುಣ್ಯ. ವಿವರಿಸಲು ದನಿಯಿಲ್ಲದೆ, "ಏನು ಕಾಣುತ್ತದೆ?" ಎಂದಷ್ಟೇ ಕೇಳಿದರು. ಯಾರಾದರೂ ಉತ್ತರಿಸಿದರೆ, ಎಲ್ಲಿ ತೋರಿಸು ಎಂದರು.

ಮಕ್ಕಳು ಮೊದಲು ಕಕ್ಕಾಬಿಕ್ಕಿಯಾದರು. ಆಮೇಲೆ ಒಬ್ಬ ಎದ್ದುಹೋಗಿ, ಕಹಳೆಗಳು ಬಾಯಲ್ಲಿಲ್ಲ, ಕಂಕುಳಲ್ಲಿವೆ ಎಂದು ಮುಟ್ಟಿ ತೋರಿಸಿದ. ಹೌದಲ್ಲ ಎಂದು ಇನ್ನೊಬ್ಬಳು, ಮಹಡಿಯ ಹೆಂಗಸರ ಕೈಯಲ್ಲಿ ಹೂವೂ ಇಲ್ಲ ಎಂದಳು. ಗೆದ್ದು ಬಂದವರ ಊರು ಹೀಗೇಕೆ ಎಂದು ಮಕ್ಕಳೇ ಒಬ್ಬರನ್ನೊಬ್ಬರು ಕೇಳಿಕೊಂಡರು. ಐಗಳಿಗೆ ನಡುವೆ ಬಾಯಿ ಹಾಕುವ ಆಸೆ. ಆದರೆ ದನಿ ಬರಲಿಲ್ಲ.

ಆಗ ನೇಕಾರರ ಹುಡುಗಿ ಗೋಡೆಯ ಹತ್ತಿರ ಹೋದಳು.

"ಇದು ಪಟ್ಟದ ಕುದುರೆ ಅಲ್ಲ ಐಗಳೇ. ಅದು ಮುಂದೆ ಹೋಗುತ್ತೆ, ಇದು ಹಿಂದೆ ಬರ್ತಿದೆ. ಇದರ ಮೇಲಿರೋ ಶಲ್ಯದ ಅಂಚು ನೋಡಿ. ರಾಜರು ಹೊದ್ದಿರೋದಕ್ಕೂ ಅದೇ ಅಂಚು. ಎರಡೂ ಮಗ್ಗಕ್ಕೆ ಹೂಡಿದ ಒಂದೇ ಹಾಸುನೂಲಿನಲ್ಲಿ ನೇಯ್ದದ್ದು. ನಮ್ಮಲ್ಲಿ ಅಣ್ಣತಮ್ಮಂದಿರಿಗೆ ಹಾಗೆ ನೇಯ್ತಾರೆ. ರಾಜರ ತಮ್ಮ ವಾಪಸ್ ಬಂದಿಲ್ಲ."

ಐಗಳು ರಾಜನ ಮುಖ ನೋಡಿದರು. ಅವರು ಇಪ್ಪತ್ತು ವರ್ಷ ಬೆತ್ತ ಇಟ್ಟು ತೋರಿಸಿದ ಮುಖ. ಅದು ಊರಿನ ಕಡೆಗಿರಲಿಲ್ಲ, ಹಿಂದೆ ಬರುತ್ತಿದ್ದ ಕುದುರೆಯ ಕಡೆಗೆ ತಿರುಗಿತ್ತು. ಅಷ್ಟು ಮಕ್ಕಳೆದುರಿಗೆ ಆ ಪುಟ್ಟ ಹುಡುಗಿಗೆ ಕೈಮುಗಿದರು. ಅಂದೇ ಅವಳ ತಾಯಿಯನ್ನು ಕರೆಸಿ, ಮಗಳ ಓದನ್ನು ಯಾವ ಕಾರಣಕ್ಕೂ ಬಿಡಿಸಬೇಡಿ ಎಂದು ಕಟ್ಟಿದ ಗಂಟಲಲ್ಲೇ ಬೇಡಿಕೊಂಡರು.

ಕತೆ ಮುಗಿಯಿತು. ಶಿಷ್ಯನು, "ಹಾಗಾದರೆ ಆ ಹುಡುಗಿ ಕೊನೆಗೂ ಪಾಠ ಒಪ್ಪಿಸಲಿಲ್ಲವೇ?" ಎಂದು ಕೇಳಿದನು.

ಗುರುಗಳು ಹೇಳಿದರು: "ಒಪ್ಪಿಸುವುದು ಬೇರೆಯವರು ಕೊಟ್ಟದ್ದನ್ನು, ಇದನ್ನು ಅವಳಿಗೆ ಕೊಟ್ಟವರು ಯಾರು?"