ಬಾಮೈದನಗಲ್ಲು

ಬೂದಿಬೆಟ್ಟದ ಪಡುವಣ ಮೈ ಗೋಡೆಯಂತೆ ನೆಟ್ಟಗೆ ಕಣಿವೆಗೆ ಇಳಿದಿದೆ. ಈಚೆಗೆ ಅದರ ಅಂಚಿಗೆ ಕಬ್ಬಿಣದ ಕಂಬಿ ಹಾಕಿ 'ವ್ಯೂ ಪಾಯಿಂಟ್' ಎಂದು ಬೋರ್ಡು ನೆಟ್ಟಿದ್ದಾರೆ. ನೆಟ್ಟವರಿಗೆ ಪಕ್ಕದಲ್ಲೇ ಇರುವ ನಮ್ಮ ಹಾಡಿಯ ಜನರನ್ನು ಒಂದು ಮಾತು ಕೇಳುವಷ್ಟೂ ವ್ಯವಧಾನವಿರಲಿಲ್ಲ. ನಮಗೆ ಇದು ಬಾಮೈದನಗಲ್ಲು. ಇದೊಂದೇ ಅಲ್ಲ, ಈ ಸೀಮೆಯಲ್ಲಿ ಹಗ್ಗವಿಲ್ಲದೆ ಇಳಿಯಲಾಗದ ಯಾವ ಕಡಿಬಂಡೆಗೂ ಅದೇ ಹೆಸರು. ಹೆಂಡತಿಯ ತಮ್ಮನಿಗೂ ಬಂಡೆಗೂ ಏನು ನಂಟು ಎಂದು ನಗುವವರುಂಟು. ನಗಲಿ, ಆ ಹೆಸರು ಹುಟ್ಟಿದ್ದು ಇಲ್ಲಿಯೇ.

ಹಿಂದೆ ಒಮ್ಮೆ ಈ ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು ಸಾಲುಗಟ್ಟಿತ್ತು. ಜೇನು ಕೀಳಲು ಇಳಿಯುವವನ ಹಗ್ಗವನ್ನು ಮೇಲೆ ಕುಳಿತು ಹಿಡಿಯುವವನು ಅವನ ಬಾಮೈದನೇ ಆಗಬೇಕು. ಒಡಹುಟ್ಟಿದವರಿಗೂ ಆ ಹಕ್ಕಿಲ್ಲ. ಅಕ್ಕ ವಿಧವೆಯಾಗಲೆಂದು ಯಾವ ತಮ್ಮನೂ ಬಯಸನು ಎಂಬುದು ಹಿರಿಯರ ಲೆಕ್ಕ. ಆ ವರ್ಷ ಮಾತ್ರ ಲೆಕ್ಕ ತಪ್ಪುವ ಹಾಗಿತ್ತು. ಜೇನು ಕೀಳುವುದರಲ್ಲಿ ಹೆಸರಾದ ಮಾರಯ್ಯ ಕುಡಿದು ಹೆಂಡತಿ ಕೇತಮ್ಮನನ್ನು ಹೊಡೆದಿದ್ದ. ಅಂದಿನಿಂದ ಅವಳ ತಮ್ಮ, ಜಡೆಯ ಎಂಬವನು, ಭಾವನ ಮುಖ ನೋಡಿರಲಿಲ್ಲ, ಮಾತೂ ಬಿಟ್ಟಿದ್ದ. ಮಳೆಗೆ ಮುಂಚೆ ಜೇನು ಇಳಿಸದಿದ್ದರೆ ಮನೆಯಲ್ಲಿ ಗಂಜಿಗೂ ಗತಿಯಿಲ್ಲ. ಮಾರಯ್ಯನಿಗೆ ಬೇರೆ ಬಾಮೈದನೂ ಇಲ್ಲ. ಕೇತಮ್ಮನೇ ಹೋಗಿ ತಮ್ಮನನ್ನು ಕರೆತಂದಳು. ಜಡೆಯ ಹಗ್ಗ ಹಿಡಿದು ಕುಳಿತು, ಮಾರಯ್ಯ ಇಳಿದ ಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಚಿಗೆ ಹೋಗಿ ಕೆಳಗೆ ತೂಗುತ್ತಿದ್ದ ಗಂಡನನ್ನು ನೋಡುವಳು, ತಿರುಗಿ ಬಂದು ತಮ್ಮನ ಕೈ ನೋಡುವಳು. "ಗಟ್ಟಿಯಾಗಿ ಹಿಡ್ಕಂಡಿದ್ದೀಯೇನಪ್ಪಾ?" ಎಂದು ಕೇಳಿದಳಂತೆ. "ನೀ ಅತ್ತಾಗೆ ಹೋಗಕ್ಕ" ಎಂದ ಜಡೆಯ. ಅದನ್ನು ಕೇಳಿ ಅವಳು ಮತ್ತೆ ಅಂಚಿಗೆ ಓಡಿದಳು.

ಅಷ್ಟರಲ್ಲಿ ಗಾಳಿ ತಿರುಗಿ, ಹುಳು ಓಡಿಸಲು ಹಾಕಿದ್ದ ಹೊಗೆ ಚದುರಿತು. ಎದ್ದ ಹುಳುಗಳು ಮೇಲಿದ್ದವರ ಮೇಲೆ ಎರಗಿದವು. ಜೊತೆಗೆ ಬಂದಿದ್ದ ಜನ ದಿಕ್ಕಾಪಾಲಾಗಿ ಓಡಿದರು, ಕೇತಮ್ಮನನ್ನೂ ಎಳೆದುಕೊಂಡೇ ಓಡಿದರು. ಜಡೆಯ ಮಾತ್ರ ಹಿಮ್ಮಡಿಗಳನ್ನು ಬಂಡೆಗೆ ಒತ್ತಿ ಕುಳಿತೇ ಇದ್ದ. ಹಗ್ಗ ಬಿಟ್ಟಿದ್ದರೆ ಅವನನ್ನು ಯಾರೂ ಬೈಯುತ್ತಿರಲಿಲ್ಲ. ಮಾರಯ್ಯ ಹತ್ತಿ ಬರುವ ಹೊತ್ತಿಗೆ ಬಾಮೈದನ ಮುಖ ಗುರುತು ಸಿಗುವಂತಿರಲಿಲ್ಲ, ಊದಿದ ಕಣ್ಣುಗಳು ಮುಚ್ಚಿಹೋಗಿದ್ದವು. "ಬಂದ್ಯಾ ಬಾವ?" ಎಂದ. "ಬಂದೆ ಕಣೋ" ಎಂಬುದನ್ನು ಕೇಳಿಸಿಕೊಂಡ ಮೇಲೆಯೇ ಜಡೆಯನ ಉಸಿರು ನಿಂತಿತು ಎನ್ನುತ್ತಾರೆ. ಮುಷ್ಟಿ ಬಿಡಿಸಲಾಗದೆ, ಹಗ್ಗವನ್ನು ಕೊಯ್ದು ಅದರೊಡನೆಯೇ ಮಣ್ಣು ಮಾಡಿದರು. ಮಾರಯ್ಯ ಬದುಕಿರುವವರೆಗೆ ಮತ್ತೆ ಬಂಡೆ ಇಳಿಯಲಿಲ್ಲ. ಅವನ ಹಗ್ಗ ಹಿಡಿಯಲು ಯಾರೂ ಉಳಿದಿರಲಿಲ್ಲ.

ಕಂಬಿಯ ಈಚೆ, ಬಂಡೆಯಲ್ಲಿ ಎರಡು ಗುಳಿಗಳು ಇಂದಿಗೂ ಕಾಣುತ್ತವೆ. ನೋಡಲು ಬಂದವರು ಅವುಗಳಲ್ಲಿ ಕಡಲೆಕಾಯಿ ಸಿಪ್ಪೆ ತುಂಬಿ ಹೋಗುತ್ತಾರೆ, ನಾನು ಗೊಣಗುತ್ತಾ ತೆಗೆಯುತ್ತೇನೆ. ಒಮ್ಮೆ ಅಲ್ಲಿ ಕುಳಿತು ನನ್ನ ಹಿಮ್ಮಡಿಗಳನ್ನೂ ಇಟ್ಟು ನೋಡಿದೆ. ಇಟ್ಟೊಡನೆ ಕೈಗಳು ತಾವಾಗಿಯೇ ಹಗ್ಗಕ್ಕಾಗಿ ತಡಕಾಡಿದವು.